ಹರಿಪುರದ ಸಮಾಧಾನ

ಪಂಢರಿನಾಥ ಸರ್ ಹೋದ ಮೇಲೆ ಪತ್ರಿಕೆಯ ಕಚೇರಿಯಲ್ಲಿ ಜಗಳವೇ ನಿಂತುಹೋಯಿತು. ಅವರು ಸಂಪಾದಕರಾಗಿದ್ದಾಗ ಸಂಜೆಯಾದರೆ ಸಾಕು, ಶೀರ್ಷಿಕೆಗೆ ಜಗಳ, ಫೋಟೋಕ್ಕೆ ಜಗಳ, ಯಾವ ಮುಖಂಡನ ಮಾತನ್ನು ಎಷ್ಟು ಇಡಬೇಕು ಎಂಬುದಕ್ಕೆ ಜಗಳ. ಬೈದವರೇ ಆಮೇಲೆ ಚಹಾ ತರಿಸುತ್ತಿದ್ದರು. ‘ದಕ್ಷಿಣಕಾಠ’ ಮರಾಠಿ ದೈನಿಕ. ಸಾಂಗ್ಲಿ, ಕೊಲ್ಹಾಪುರದ ಕಡೆ ಅದನ್ನು ಓದದೆ ಚಹಾ ಗಂಟಲಿಗೆ ಇಳಿಯದ ಮಂದಿ ಬಹಳ. ಆಳುವವರು ಯಾರೇ ಇರಲಿ, ಅವರ ಚಪ್ಪಲಿಯೊಳಗಿನ ಹರಳಿನಂತೆ ಪತ್ರಿಕೆ ಚುಚ್ಚುತ್ತಿರಬೇಕು ಎಂಬುದು ಪಂಢರಿನಾಥರ ಹಟ. ಮಾಲೀಕರ ಮಗ ಆಳುವ ಪಕ್ಷದ ವೇದಿಕೆ ಹತ್ತಿ ಶಾಲು ಹೊದ್ದುಕೊಂಡ ತಿಂಗಳಲ್ಲೇ ಅವರಿಗೂ ಒಂದು ಶಾಲು, ತೆಂಗಿನಕಾಯಿ ಕೊಟ್ಟು ಸತ್ಕಾರ ಮಾಡಿ ಮನೆಗೆ ಕಳಿಸಿದರು.

ಹೊಸ ಸಂಪಾದಕ ಸಾರಂಗ ಪುಣೆಯಿಂದ ಬಂದವನು. ವಯಸ್ಸು ನಲವತ್ತರೊಳಗೆ, ಮಾತು ಬೆಣ್ಣೆ. ಬಂದ ದಿನ ತಾನೇ ಎಲ್ಲರ ಮೇಜಿಗೂ ಹೋಗಿ ಪೇಢೆ ಹಂಚಿದ. ಇದನ್ನು ಬರೆಯಬೇಡಿ ಎಂದು ಅವನು ಯಾರಿಗೂ ಹೇಳಿದ್ದಿಲ್ಲ. “ಇದು ಸ್ವಲ್ಪ ನಕಾರಾತ್ಮಕ ಅನ್ನಿಸೋದಿಲ್ಲವೇ?” ಎಂದು ಮರಾಠಿಯಲ್ಲಿ ಮೃದುವಾಗಿ ಕೇಳುತ್ತಿದ್ದ, ಅಷ್ಟೇ. ಕೇಳಿಸಿಕೊಂಡವರೇ ಕೂತು ತಿದ್ದುತ್ತಿದ್ದರು. ತಿದ್ದದ ಇಬ್ಬರು, ಪಂಢರಿನಾಥರ ಕೈಕೆಳಗೆ ಬೆಳೆದವರು, ಸೋಲಾಪುರದ ಆವೃತ್ತಿಗೆ ವರ್ಗವಾದರು. ಸರ್ ಕೈಯಲ್ಲಿ ಬೆಳೆದವರಲ್ಲಿ ಇನ್ನು ಉಳಿದವಳು ತಾನೊಬ್ಬಳೇ ಎಂದು ಉಪಸಂಪಾದಕಿ ಮನಿಷಾಗೆ ಯಾರೂ ಹೇಳಬೇಕಾಗಿರಲಿಲ್ಲ. ಗಂಡ ಓಂಪ್ರಕಾಶನ ಅಂಗಡಿ ಮಿರಜದ ಪೇಟೆಯಲ್ಲಿ, ಮನೆ ಸಾಂಗ್ಲಿಯ ವಿಶ್ರಾಮಬಾಗದಲ್ಲಿ, ಮಗಳು ಗಾರ್ಗಿಯ ಹನ್ನೆರಡನೆಯ ಇಯತ್ತೆಯ ಪರೀಕ್ಷೆಯ ವರ್ಷ. ಸೋಲಾಪುರಕ್ಕೆ ಹೋಗಿ ತಾನು ಏನು ಮಾಡಬೇಕು?

ಆ ವಾರ ಮಂತ್ರಿಯೊಬ್ಬರು ಸಾಂಗ್ಲಿಯ ಪಕ್ಕದ ಹರಿಪುರಕ್ಕೆ ಬಂದು ಹೋದರು. ಅಲ್ಲಿ ನದಿಗೆ ತೀರ ಹತ್ತಿರದ ಒಂದು ಓಣಿಯಿದೆ. ಮಹಾಪೂರ ಬಂದಾಗಲೆಲ್ಲ ನೀರು ಅಲ್ಲಿನ ಮನೆಗಳ ಚೌಕಟ್ಟು ಮುಟ್ಟುತ್ತದೆ. ಎತ್ತರದಲ್ಲಿ ಜಾಗ ಕೊಡಿ, ಹೋಗುತ್ತೇವೆ ಎಂದು ಓಣಿಯ ಹೆಂಗಸರು ಕೇಳುತ್ತಲೇ ಇದ್ದರು. ಯಾವ ಓಣಿಯನ್ನು ಮೊದಲು ಎಬ್ಬಿಸಿ ಎತ್ತರಕ್ಕೆ ಸಾಗಿಸಬೇಕೆಂದು ಕಂದಾಯದ ಪ್ರಾಂತ ಕಚೇರಿಯಲ್ಲಿ ಸುನಾವಣಿ, ಅಂದರೆ ಜನರ ಅಹವಾಲು ಕೇಳುವ ವಿಚಾರಣೆ, ನಡೆಯುವುದಿತ್ತು. ಆ ಭಾಗದ ವರದಿಗಾರ ಕುಣಾಲನಿಗೆ ಕನ್ನಡ ಬಾರದು, ಓಣಿಯ ಹೆಂಗಸರೋ ಮನಸ್ಸಿನ ಮಾತನ್ನೆಲ್ಲ ಕನ್ನಡದಲ್ಲೇ ಆಡುವವರು. ಹೀಗಾಗಿ ಸಾರಂಗ ಅವನ ಜೊತೆ ಮನೆಯಲ್ಲಿ ಕನ್ನಡ ಆಡುವ ಮನಿಷಾಳನ್ನೇ ಕಳಿಸಿದ. ಅವಳಿಗೂ ಹೋಗಬೇಕೆನಿಸಿತು. ಅಲ್ಲಿ ನೀಲಗಂಗವ್ವ ಇದ್ದಳು. ಮನಿಷಾಳ ಅವ್ವನಿಗೆ ಅವಳು ಚಿಕ್ಕಪ್ಪನ ಮಗಳು, ಮನಿಷಾಗೆ ಮಾವಶಿ. ಅವ್ವ ತೀರಿದ ಮೇಲೆ ತವರು ಅಂತ ಉಳಿದದ್ದು ಆ ಮನೆಯೊಂದೇ.

“ಮಂತ್ರಿ ಬಂದು ಏನ ಮಾಡಿದ್ರು ಮಾವಶಿ?” ಎಂದು ಮನಿಷಾ ಕೇಳಿದಳು. ಕುಣಾಲ ಫೋಟೋ ತೆಗೆಯುತ್ತಿದ್ದ.

“ಏನ ಮಾಡ್ತಾರ ಮಗಳ? ಬಂದ್ರು, ಕುಂತ್ರು, ನನ್ನ ಕೈ ಹಿಡದು ಸಮಾಧಾನ ಮಾಡಿದ್ರು. ಸಮಾಧಾನ ಮಾಡಿ ಗಾಡಿ ಹತ್ತಿದ್ರು. ಮುಂದಿನ ಮಳಿಗಾಲಕ್ಕ ನಾವು ಆ ಸಮಾಧಾನಾನ ಹಾಸಿಕೊಂಡು ಮಲಗೂದು!”

ಸುತ್ತ ಕುಂತ ಹೆಂಗಸರು ಘೊಳ್ಳನೆ ನಕ್ಕರು. ನೀಲಗಂಗವ್ವ ತನ್ನ ಮಾತಿಗೆ ತಾನೇ ನಕ್ಕು ಸೆರಗನ್ನು ಬಾಯಿಗೆ ಇಟ್ಟುಕೊಂಡಳು. ಕುಣಾಲ ಆ ನಗೆಯನ್ನು ಹಿಡಿದ.

ಕಚೇರಿಗೆ ಬಂದು ಮನಿಷಾ ಸುದ್ದಿ ಬರೆದಳು. ಸಮಾಧಾನ ಮಾಡಿದರು ಎಂಬಲ್ಲಿ ಮರಾಠಿಯ ‘ಸಮಜೂತ ಘಾತಲೀ’ ಎಂದು ಹಾಕಿದಳು. ಅಳುವ ಮಗುವನ್ನು ರಮಿಸುವ ಹಾಗೆ ರಮಿಸಿದರು ಎಂದು ಅದರ ಅರ್ಥ. ಸಾರಂಗ ಓದಿ ಅಲ್ಲೇ ಬೆರಳಿಟ್ಟ.

“ಮನಿಷಾತಾಈ, ಆ ಅಜ್ಜಿ ಕನ್ನಡದಲ್ಲಿ ಹೇಳಿದ್ದಲ್ಲವೇ? ಬಳಸಿದ ಶಬ್ದ ಯಾವುದು?”

“ಸಮಾಧಾನ.”

“ಅರೆ, ಸಮಾಧಾನ ನಮ್ಮ ಶಬ್ದವೂ ಹೌದಲ್ಲ! ಅವರ ಬಾಯಿಯ ಮಾತು ಅವರದೇ ಇರಲಿ. ನಾವೇಕೆ ತಿದ್ದಬೇಕು?”

ಎರಡೂ ಭಾಷೆ ಆಡುವ ಮನೆಗಳಲ್ಲಿ ಈ ಶಬ್ದದ ಬಗ್ಗೆ ನಗೆಚಟಾಕಿಗಳೇ ಇವೆ. ಕನ್ನಡದಲ್ಲಿ ಅದು ನೊಂದವರಿಗೆ ಮಾಡುವಂಥದ್ದು. ಮರಾಠಿಯಲ್ಲಿ ಸಮಾಧಾನವೆಂದರೆ ತೃಪ್ತಿ. ಹೊಟ್ಟೆ ತುಂಬಿದವರಿಗೆ, ಕೆಲಸ ಕೈಗೂಡಿದವರಿಗೆ ಆಗುವಂಥದ್ದು. ಓಂಪ್ರಕಾಶನ ಕಾಕಾ ಅಪ್ಪಣ್ಣ ಒಮ್ಮೆ ಮರಾಠಿ ಗೆಳೆಯನ ತಂದೆ ತೀರಿದಾಗ ಹೋಗಿ, ನಿಮಗೆ ಸಮಾಧಾನವಾಗಲಿ ಅಂತ ಬಂದೆ ಎಂದು ಮರಾಠಿಯಲ್ಲಿ ಹೇಳಿ, ಮುದುಕ ಸತ್ತದ್ದಕ್ಕೆ ಸಂತೋಷಪಡಿ ಎಂದಂತಾಗಿ, ಆ ಮನೆಯಲ್ಲಿ ಕೂರಲಾಗದೆ ಎದ್ದು ಬಂದಿದ್ದರು. ಇದನ್ನು ಹೇಳಿ ನಗದ ದೀಪಾವಳಿ ಅವರ ಮನೆಯಲ್ಲಿ ಇರಲಿಲ್ಲ.

ಸರ್, ಅದರ ಅರ್ಥ ಬೇರೆ ಎಂದು ಹೇಳಿದ್ದರೆ ಸಾಕಿತ್ತು. ಸಾರಂಗ ಕಾಯುತ್ತಿದ್ದ, ಮುಖದಲ್ಲಿ ಅದೇ ನಯ. ಅವನ ಹಿಂದೆ ಸೋಲಾಪುರಕ್ಕೆ ಹೋದವರ ಖಾಲಿ ಕುರ್ಚಿಗಳಿದ್ದವು.

“ಹೌದು ಸರ್. ಅದೇ ಶಬ್ದ ಅಂದಳು,” ಎಂದಳು ಮನಿಷಾ.

ಹಾಸಿಕೊಂಡು ಮಲಗುವ ಮಾತಿಗೆ ಜಾಗ ಸಾಲಲಿಲ್ಲ. ಮರುದಿನ ಜಿಲ್ಲಾ ಪುಟದ ಮೇಲ್ಭಾಗದಲ್ಲಿ, ಹರಿಪುರದ ಪೂರಗ್ರಸ್ತರಿಂದ ಸಮಾಧಾನ ವ್ಯಕ್ತ ಎಂಬ ಶೀರ್ಷಿಕೆ ಬಂತು. ಕೆಳಗೆ ನೀಲಗಂಗವ್ವ ಸೆರಗು ಹಿಡಿದು ನಗುತ್ತಿದ್ದಳು. ಮಂತ್ರಿಯ ಮೇಲೆ ಅವಳಿಗೆ ಎಷ್ಟು ಪ್ರೀತಿಯೋ ಎನ್ನುವಂತಿತ್ತು ಆ ಫೋಟೋ.

“ಇದೇನ, ಮಾವಶಿ ಖುಷ್ ಆಗ್ಯಾಳ ಅಂತ ಬಂದೈತಿ?” ಓಂಪ್ರಕಾಶ ಪತ್ರಿಕೆಯಿಂದ ತಲೆಯೆತ್ತಿ ಕೇಳಿದ.

“ಆಕಿ ಸಮಾಧಾನ ಅಂದ್ಲು.”

“ಯಾವ ಭಾಷಾದಾಗ ಅಂದ್ಲು?”

ಮನಿಷಾ ನಲ್ಲಿ ಜೋರಾಗಿ ತಿರುವಿ ಪಾತ್ರೆ ತೊಳೆಯತೊಡಗಿದಳು. ಓಂಪ್ರಕಾಶನಿಗೆ ಅಪ್ಪಣ್ಣ ಕಾಕಾನ ಕಥೆ ನೆನಪಾಗಿರಬೇಕು, ಆದರೂ ನಗಲಿಲ್ಲ.

ಸುನಾವಣಿಯಾದ ದಿನ ಸಂಜೆ ನೀಲಗಂಗವ್ವನ ಫೋನು ಬಂತು. ಅಧಿಕಾರಿ ಪತ್ರಿಕೆಯನ್ನು ಎತ್ತಿ ತೋರಿಸಿದನಂತೆ. ನೀವು ಸಮಾಧಾನದಿಂದ ಇದ್ದೀರಿ ಎಂದು ನೀವೇ ಹೇಳಿದ್ದೀರಿ, ಮೊದಲು ಕಷ್ಟದಲ್ಲಿ ಇರುವವರನ್ನು ನೋಡೋಣ ಎಂದನಂತೆ. ಓಣಿಯನ್ನು ಪಟ್ಟಿಯ ಕೊನೆಗೆ ತಳ್ಳಿದರು. ಏನಾದರೂ ಹೇಳುವುದಿದ್ದರೆ ಹೇಳಲು ಮುಂದಿನ ಮಂಗಳವಾರ ಇನ್ನೊಂದು ಅವಕಾಶ, ಆಮೇಲೆ ಮುಗಿಯಿತು.

“ನಮ್ಮ ಓಣ್ಯಾಗಿನ ಮಾಣಿಕಬಾಯಿ ನನಗ ಏನ ಹೆಸರ ಇಟ್ಟಾಳ ಗೊತ್ತೈತೇನ? ಸಮಾಧಾನವ್ವ! ನಳದ ಮುಂದ ನಿಂತ್ರ, ಬಂದ್ಲು ನೋಡ್ರಿ ಸಮಾಧಾನವ್ವ, ಆಕೀಗಿ ನೀರ ಬ್ಯಾಡ, ಹೊಟ್ಟಿ ತುಂಬೇತಿ ಅಂತಾಳ.” ನೀಲಗಂಗವ್ವ ನಗಲು ನೋಡಿದಳು, ಆಗಲಿಲ್ಲ. “ನನ್ನ ಬಾಯೀಗಿ ಬೆಂಕಿ ಹಾಕ. ಮರಾಠಿ ಪೇಪರಿಗಿ ಹೇಳೂಮುಂದ ನೋಡಿ ಮಾತಾಡಬೇಕಿತ್ತು. ನೀ ಏನ ಮಾಡ್ತಿ, ನಾ ಅಂದದ್ದ ಬರದಿ.”

“ಮಾವಶಿ...”

“ಇಲ್ಲ, ಕೇಳ. ಮಾಣಿಕಬಾಯಿ ನಿನಗೂ ಬೈದ್ಲು. ನಾ ಬಿಡಲಿಲ್ಲ. ನಮ್ಮ ಹುಡುಗಿ ಹಂಗ ಅಲ್ಲ, ಒಂದ ಅಕ್ಷರ ಹೆಚ್ಚಕಡಿಮಿ ಮಾಡಾಕಿ ಅಲ್ಲ, ತಪ್ಪ ನಂದ ಅಂತ ಎಲ್ಲಾರ ಮುಂದ ಹೇಳೇನಿ. ನೀ ಮನಸ್ಸಿಗಿ ಹಚ್ಚಿಕೋಬ್ಯಾಡ.”

“ಹೂಂ,” ಎಂದಳು ಮನಿಷಾ. ಫೋನು ಇಟ್ಟ ಮೇಲೂ ಆ ‘ಹೂಂ’ ಬಾಯೊಳಗೆ ಹಳಸಿದ ಅನ್ನದ ಹಾಗೆ ಉಳಿಯಿತು. ಯಾರಾದರೂ ಬೈದಿದ್ದರೆ ಅವಳಿಗೆ ಉತ್ತರ ಇತ್ತು. ಹೊಸ ಸಂಪಾದಕ, ಹೊಸ ಧೋರಣೆ, ಮಾಲೀಕರ ಮಗ, ವರ್ಗದ ಭಯ, ಎಲ್ಲವನ್ನೂ ಹೇಳಬಹುದಿತ್ತು. ತನ್ನ ಪರವಾಗಿ ನಳದ ಮುಂದೆ ಜಗಳ ಆಡಿದವಳಿಗೆ ಏನು ಹೇಳುವುದು? ಸಾರಂಗನಿಗೆ ಕನ್ನಡ ಬಾರದು. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲವೋ, ಗೊತ್ತಾಗಬಾರದು ಎಂದೇ ಹಾಗೆ ಕೇಳಿದನೋ, ಅದು ಅವನ ಲೆಕ್ಕ. ಆ ಮೇಜಿನ ಬಳಿ ಎರಡೂ ಅರ್ಥ ಗೊತ್ತಿದ್ದವಳು ತಾನೊಬ್ಬಳೇ. ಪತ್ರಿಕೆಯ ಬಣ್ಣ ಬದಲಾಯಿತೆಂದು ಇಷ್ಟು ದಿನ ಹಳಹಳಿಸಿದ್ದಳು. ಹರಿಪುರದ ಮಟ್ಟಿಗೆ ಆ ಬಣ್ಣ ಹಚ್ಚಿದ್ದು ಅವಳ ಕೈಯೇ.

ಮರುದಿನ ಅವಳು ಸಾರಂಗನ ಕೋಣೆಗೆ ಹೋಗಿ, ಒಂದು ಖುಲಾಸೆ, ಅಂದರೆ ಸ್ಪಷ್ಟೀಕರಣ, ಹಾಕಬೇಕು, ಶಬ್ದದ ಅರ್ಥ ತಪ್ಪಾಗಿದೆ ಎಂದಳು.

“ತಪ್ಪು ಎಲ್ಲಾಯಿತು ಮನಿಷಾತಾಈ?” ಅವನು ಬೇಸರವಿಲ್ಲದೆ ಕೇಳಿದ. “ನಿಮ್ಮನ್ನು ಕೇಳಿಯೇ ಇಟ್ಟದ್ದು. ನೀವೇ ಹೌದು ಅಂದಿರಿ. ಈಗ ಖುಲಾಸೆ ಹಾಕಿದರೆ ನಿಮ್ಮ ಹೆಸರೇ ಬರುತ್ತದೆ. ನನಗೆ ಅದು ಇಷ್ಟವಿಲ್ಲ. ಬಿಟ್ಟುಬಿಡಿ.”

ಅವಳನ್ನು ಉಳಿಸುತ್ತಿದ್ದೇನೆ ಎನ್ನುವ ಹಾಗೆ ಹೇಳಿದ. ಅವಳು ಥ್ಯಾಂಕ್ಯೂ ಎಂದುಬಿಟ್ಟಳು! ಮೆಟ್ಟಿಲು ಇಳಿಯುವಾಗ ಅದು ನೆನಪಾಗಿ ಕಿವಿ ಕಾದವು.

ರವಿವಾರ ಅವಳು ಹರಿಪುರಕ್ಕೆ ಹೋದಳು. ಓಣಿಯ ಕಟ್ಟೆಯ ಮೇಲೆ ನೀಲಗಂಗವ್ವ, ಮಾಣಿಕಬಾಯಿ, ಇನ್ನೂ ಮೂರ್ನಾಲ್ಕು ಹೆಂಗಸರು ಕುಂತು ಅರಿಶಿನದ ಕೊಂಬು ಆರಿಸುತ್ತಿದ್ದರು.

“ಬಂದ್ಲು ನೋಡ ನಿನ್ನ ಪೇಪರದಾಕಿ,” ಎಂದಳು ಮಾಣಿಕಬಾಯಿ. “ಇವತ್ತ ಯಾರ್ದ ಹೊಟ್ಟಿ ತುಂಬಸ್ತಾಳೋ!”

“ಸುಮ್ಮ ಕುಂದ್ರ ನೀ,” ಎಂದು ನೀಲಗಂಗವ್ವ ಗದರಿಸಿ, ಅರಿಶಿನದ ಕೈಯಿಂದಲೇ ಮನಿಷಾಳ ಗಲ್ಲ ಹಿಡಿದಳು. “ಬಾ ಮಗಳ. ಬಿಸಲಾಗ ಬಂದಿ. ಮಾರಿ ಎಷ್ಟ ಇಳದೈತಿ ನೋಡ. ಉಂಡಿಯೇನ?”

ಒಳಗೆ ಹೋಗಿ ಅವಳೊಬ್ಬಳಿಗೇ ಹೇಳಬೇಕೆಂದು ಮನಿಷಾ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಆದರೆ ಮಾವಶಿ ತನ್ನ ತಪ್ಪು ಎಂದು ಒಪ್ಪಿಕೊಂಡದ್ದು ಇವರೆಲ್ಲರ ಮುಂದೆ. ಒಳಗೆ ಹೇಳಿದರೆ ಅದು ಒಳಗೇ ಉಳಿಯುತ್ತದೆ.

“ಮಾವಶಿ, ತಪ್ಪ ನಿಂದಲ್ಲ. ನೀ ಏನ ಅಂದಿ ಅಂತ ನನಗ ತಿಳದಿತ್ತು. ಮೊದಲ ಸರಿಯಾಗೇ ಬರದಿದ್ದೆ. ಸಂಪಾದಕರು ಸಮಾಧಾನ ಅಂತನ ಇಡೂಣು ಅಂದ್ರು. ಮರಾಠಿಯೊಳಗ ಅದು ಬ್ಯಾರೆ ಆಗತೈತಿ ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ಹೌದು ಅಂದೆ.”

“ಯಾಕ?” ಕೇಳಿದ್ದು ಮಾಣಿಕಬಾಯಿ. ಅವಳ ದನಿಯಲ್ಲಿ ಕುಚೇಷ್ಟೆ ಇರಲಿಲ್ಲ.

“ಸೋಲಾಪುರಕ್ಕ ವರ್ಗ ಮಾಡ್ತಾರ ಅಂತ ಅಂಜಿದೆ.”

ಹೇಳಿದಾಗ ಅದು ಎಷ್ಟು ಸಣ್ಣದಾಗಿ ಕೇಳಿತೆಂದರೆ, ಮನಿಷಾಗೆ ಇನ್ನೇನಾದರೂ ಸೇರಿಸಬೇಕೆನಿಸಿತು. ಸೇರಿಸಲು ಏನೂ ಇರಲಿಲ್ಲ. ಸೋಲಾಪುರ ಎಂದರೆ ರೈಲಿನಲ್ಲಿ ಕೆಲವು ತಾಸಿನ ದಾರಿ. ಇವರ ಮನೆಗಳಿಗೆ ನೀರು ಬರುವುದಕ್ಕೆ ಅಷ್ಟೂ ಹೊತ್ತು ಬೇಡ.

ನೀಲಗಂಗವ್ವ ಗಲ್ಲದಿಂದ ಕೈ ತೆಗೆದಳು. ಮೊರದಲ್ಲಿದ್ದ ಒಂದು ಕೊಂಬನ್ನು ಎತ್ತಿ ಎರಡೂ ಬದಿ ನೋಡಿ, ಒಳ್ಳೆಯದರ ಕಡೆಗೆ ಹಾಕಿದಳು. ಇನ್ನೊಂದನ್ನು ಎತ್ತಿದಳು. ಆಮೇಲೆ ಅವಳು ಎದ್ದು ಒಳಗೆ ಹೋಗಿ, ಕುರ್ಚಿ ತಂದು ಕಟ್ಟೆಯ ಬದಿಗಿಟ್ಟು, ಸೆರಗಿನಿಂದ ಒರೆಸಿದಳು. ಮಂತ್ರಿ ಬಂದಾಗ ಹಾಕಿದ್ದೂ ಅದೇ ಕುರ್ಚಿ ಇರಬೇಕು, ಆ ಮನೆಯಲ್ಲಿ ಇನ್ನೊಂದಿರಲಿಲ್ಲ.

“ಕುಂದ್ರಿ,” ಎಂದಳು. “ಚಾ ತೊಗೋತೀರೇನ್ರಿ?”

ಮನಿಷಾಗೆ ಮೊದಲು ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಈ ಬಾಯಿಂದ ‘ನೀ’ ಎಂದೇ ಕೇಳಿದವಳು. ಬಾ, ಕುಂದ್ರ, ಉಣ್ಣ, ಸುಡಗಾಡ ಎಂದು ಕೇಳಿದವಳು. ಈಗ ಹೊರಗಿನಿಂದ ಬಂದ ಸಾಹೇಬರಿಗೆ ಕೊಡುವ ಮರ್ಯಾದೆಯನ್ನೆಲ್ಲ ಮಾವಶಿ ಅವಳಿಗೆ ಕೊಡುತ್ತಿದ್ದಳು.

“ಮಾವಶಿ, ಹಿಂಗ ಮಾತಾಡಬ್ಯಾಡ.”

“ಹೆಂಗ ಮಾತಾಡೇನ್ರಿ? ನಿಮ್ಮಂಥಾ ಮಂದಿ ಕೂಡ ನೋಡಿ ಮಾತಾಡಬೇಕು. ಒಂದ ಹೇಳಿದ್ರ ಒಂದ ಆಗತೈತಿ.” ದನಿ ಏರಲಿಲ್ಲ. “ಮಂಗಳವಾರ ಪ್ರಾಂತ ಆಪೀಸಿಗಿ ಬರ್ತೀರೇನು? ಇಲ್ಲಿ ನಮಗ ಹೇಳಿದ್ದನ್ನ ಅಲ್ಲಿ ಹೇಳ್ತೀರೇನು?”

“ಬರ್ತೇನಿ.”

“ನೌಕರಿ?”

“ಹೋದ್ರ ಹೋಗ್ಲಿ.”

“ಅದು ನಿಮ್ಮ ವಿಚಾರ,” ಎಂದಳು ನೀಲಗಂಗವ್ವ.

ಮಂಗಳವಾರ ಓಣಿಯವರು ಟೆಂಪೊ ಮಾಡಿದ್ದರು. ಹಿಂದೆ ಹೆಂಗಸರು ಒಬ್ಬರ ತೊಡೆಯ ಮೇಲೊಬ್ಬರು ಎನ್ನುವಂತೆ ತುಂಬಿಕೊಂಡರು. ಬೆಳಿಗ್ಗೆಯೇ ಹರಿಪುರಕ್ಕೆ ಬಂದಿದ್ದ ಮನಿಷಾ ಅಲ್ಲೇ ಹತ್ತಲು ಕಾಲು ಎತ್ತಿದಾಗ ಮಾಣಿಕಬಾಯಿ, “ಬ್ಯಾಡ್ರಿ ಮ್ಯಾಡಂ, ಸೀರಿ ಹೊಲಸ ಆದೀತು. ಮುಂದ ಕುಂದ್ರಿ,” ಎಂದಳು. ಚಾಲಕನ ಪಕ್ಕದಲ್ಲಿ ಜಾಗ ಖಾಲಿ ಬಿಟ್ಟಿದ್ದರು. ಹಿಂದಿನಿಂದ ನಗೆ, ಬೈಗುಳ, ಯಾರದೋ ಸೊಸೆಯ ಸುದ್ದಿ ಕೇಳುತ್ತಿತ್ತು. ಅವಳು ಸಾಂಗ್ಲಿಯವರೆಗೂ ಪರ್ಸನ್ನು ತೊಡೆಯ ಮೇಲಿಟ್ಟು ರಸ್ತೆ ನೋಡುತ್ತ ಕುಂತಳು.

ಅಧಿಕಾರಿ ಪತ್ರಿಕೆಯನ್ನು ಮೇಜಿನ ಮೇಲೇ ಇಟ್ಟುಕೊಂಡಿದ್ದ. ಕುಣಾಲ ಬಾಗಿಲ ಬಳಿ ನಿಂತಿದ್ದ. ಅವಳನ್ನು ಕಂಡು ಹುಬ್ಬೇರಿಸಿ, ಮೊಬೈಲು ತೆಗೆದು ಹೊರಗೆ ಹೋದ. ಸಾರಂಗನಿಗೆ ಈಗಲೇ ಗೊತ್ತಾಗುತ್ತದೆ ಎಂದುಕೊಂಡಳು ಮನಿಷಾ. ಓಣಿಯ ಹೆಸರು ಕರೆದಾಗ ಎದ್ದು ನಿಂತಳು. ಕನ್ನಡದಲ್ಲಿ ಸಮಾಧಾನ ಎಂದರೆ ಏನು, ಈ ಅಜ್ಜಿ ಹೇಳಿದ್ದೇನು, ಮುದ್ರಿಸದೆ ಬಿಟ್ಟ ವಾಕ್ಯ ಯಾವುದು ಎಲ್ಲವನ್ನೂ ಮರಾಠಿಯಲ್ಲಿ ಹೇಳಿದಳು. ಹಾಸಿಕೊಂಡು ಮಲಗುವ ಮಾತನ್ನು ಹೇಳಿದಾಗ ಗುಮಾಸ್ತ ನಕ್ಕುಬಿಟ್ಟ. ಅಧಿಕಾರಿ ನಗಲಿಲ್ಲ.

“ನೀವು ಈ ಓಣಿಯವರೋ?” ಎಂದು ಕೇಳಿದ.

ಅವಳು ನೀಲಗಂಗವ್ವನ ಕಡೆ ನೋಡಿದಳು. ಮಾವಶಿ ಹೌದು ಎಂದು ತಲೆಯಾಡಿಸಲಿಲ್ಲ, ಇಲ್ಲ ಎಂದೂ ಆಡಿಸಲಿಲ್ಲ. ಅಧಿಕಾರಿಯ ಪೆನ್ನನ್ನೇ ನೋಡುತ್ತಿದ್ದಳು.

“ಅಲ್ಲ,” ಎಂದಳು ಮನಿಷಾ. “ಆ ಸುದ್ದಿ ಬರೆದವಳು.”

“ಹಾಗಾದರೆ ಹೆಸರು ಹೇಳಿ, ದಾಖಲೆಗೆ ಹಾಕಬೇಕು,” ಎಂದ ಅಧಿಕಾರಿ. ಅವಳು ಹೇಳಿದಳು. ಗುಮಾಸ್ತನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಜೋರಾಗಿ ಹೇಳಿದಳು.