ಬೆಟ್ಟದಾಚೆಯ ನಿಲ್ದಾಣ

ಕಿಟಕಿಯ ಗಾಜಿನ ಮೇಲೆ ಒಂದು ಹನಿ ಇಳಿಯುತ್ತಿತ್ತು, ಇಳಿದು ನಡುವೆ ನಿಂತಿತು, ಇನ್ನೊಂದು ಬಂದು ಸೇರಿಕೊಂಡ ಮೇಲೆ ಭಾರ ತಾಳದೆ ಮತ್ತೆ ಜಾರಿತು — ಚಳಿ ಹಿಂದೆ ಸರಿಯುವ ಕಾಲ, ಹಗಲೆಲ್ಲ ಬೆವರು, ಬೆಳಗಿನ ಜಾವಕ್ಕೆ ಕಂಬಳಿ, ಈ ಎರಡರ ನಡುವೆ ಸಿಕ್ಕಿಕೊಂಡ ಮೂರು ವಾರ, ಇಪ್ಪತ್ತೆಂಟು ವರ್ಷದಿಂದ ಈ ಮೂರು ವಾರ ಬಂತೆಂದರೆ ಅವನ ನಿದ್ದೆ ಅರ್ಧವಾಗುತ್ತದೆ, ಹೆಂಡತಿ ಅನ್ನುತ್ತಾಳೆ, ನಿಮಗೆ ಹಿಡಿದಿರೋದು ಕಾವಳದ ಹುಚ್ಚು ಕಣ್ರೀ, ಮಲಗಿದಾಗಲೂ ಕಿಟಕಿ ಕಡೆಗೇ ಮುಖ. ಐದೂವರೆಗೆ ಬಂದು ಬೀಗ ತೆಗೆದದ್ದು, ಈಗ ಆರೂ ಕಾಲು, ತಗಡಿನ ಸೂರಿನ ಒಂದೇ ಕೋಣೆ, ಒಂದು ಮೇಜು, ಎರಡು ಕಂಪ್ಯೂಟರ್, ಗುಂಡುಸೂಜಿ ಚುಚ್ಚಿ ಚುಚ್ಚಿ ಜರಡಿಯಾದ ಗೋಡೆಯ ನಕ್ಷೆ, ಹೊರಗೆ ಟೈಲ್ಸ್ ಕಂಪನಿಯ ಯಜಮಾನರ ಎಂಟು ಸೀಟಿನ ವಿಮಾನ ಮೈಯೆಲ್ಲ ಒದ್ದೆಯಾಗಿ ನಿಂತಿದೆ. ಹಾರಿಸುವವರು ಹಾರಿಸುತ್ತಾರೆ, ಅದಕ್ಕೂ ಮುಂಚೆ ನೆಲದ ಮೇಲೆ ಕೂತ ಒಬ್ಬ ಬರೆದುಕೊಡಬೇಕು, ಯಾವ ದಾರಿ, ಎಷ್ಟು ಎತ್ತರ, ಎಷ್ಟು ಎಣ್ಣೆ, ಕಡೆಯಲ್ಲಿ ಒಂದು ಸಾಲು — ಅಲ್ಲಿ ಇಳಿಯಲಾಗದಿದ್ದರೆ ಎಲ್ಲಿ. ಉಳಿದದ್ದೆಲ್ಲ ಈಗ ಕಂಪ್ಯೂಟರೇ ಬರೆಯುತ್ತದೆ, ಆ ಒಂದು ಸಾಲಿಗೆ ಮಾತ್ರ ಮನುಷ್ಯ ಬೇಕು, ಅದಕ್ಕೇ ಅವನಿಗಿನ್ನೂ ಸಂಬಳ.

ಇವತ್ತು ಇಳಿಯಬೇಕಾದ ಕರಾವಳಿಯ ಬಂದರಿನ ಊರಿನ ಹವಾಮಾನ ವರದಿ ಬಂದಿದೆ, ಗಾಳಿಯ ಉಷ್ಣತೆ ಹದಿನೆಂಟು, ಇಬ್ಬನಿ ಕಟ್ಟುವ ಉಷ್ಣತೆ ಹದಿನೇಳು, ನಡುವೆ ಇರುವುದು ಒಂದೇ ಡಿಗ್ರಿ, ಅದೊಂದು ಮುಚ್ಚಿಕೊಂಡರೆ ಕಾವಳ, ದಟ್ಟ ಮಂಜು, ಸಮುದ್ರದ ಕಡೆಯಿಂದ ತ್ರಾಣವಿಲ್ಲದ ಗಾಳಿ, ಇಂಥ ಗಾಳಿಯನ್ನು ಅವನಪ್ಪ ಮೂಗಿನಲ್ಲೇ ಹಿಡಿಯುತ್ತಿದ್ದ, ಆ ಕರಾವಳಿಯ ಉಪ್ಪಿನ ಗದ್ದೆಯಲ್ಲಿ ಮೊಣಕಾಲುದ್ದ ನಿಂತು, ಲೋ, ಇದು ಕಳ್ಳ ಗಾಳಿ, ಇನ್ನೊಂದು ಗಳಿಗೆಗೆ ನಿನ್ನ ಕೈ ನಿನಗೆ ಕಾಣಲ್ಲ, ಬುಟ್ಟಿ ಎತ್ಕೋ, ನಡಿ ಮನೆಗೆ. ಬಿಳೀ ನೆಲ, ಬಿಳೀ ಗಾಳಿ, ನಡುವೆ ಅಪ್ಪನ ಕೆಮ್ಮು ಮಾತ್ರ, ಆ ಕೆಮ್ಮಿನ ಹಿಂದೆಯೇ ನಡೆದು ಮನೆ ಸೇರುವುದು. ಒಂದು ಊರಿಗೆ ಬಂತು, ಪಕ್ಕದ ಊರಿಗೆ ಬರಲಿಲ್ಲ ಎಂಬುದೇ ಇಲ್ಲ, ದಂಡೆಯುದ್ದಕ್ಕೂ ಒಟ್ಟಿಗೇ ಹಾಸಿಕೊಳ್ಳುತ್ತದೆ, ಇದು ಅವನಿಗೆ ಏಳು ವರ್ಷಕ್ಕೇ ಗೊತ್ತು, ಆಮೇಲೆ ಓದಿದ್ದೆಲ್ಲ ಅದರ ಮೇಲಿನ ಸುಣ್ಣ ಬಣ್ಣ. ಹಾಗಾಗಿ ಆ ಕಡೆಯ ಸಾಲಿನಲ್ಲಿ ಬೆಟ್ಟದಾಚೆಯ ವಿಮಾನ ನಿಲ್ದಾಣ ಎಂದು ಬರೆದಿದ್ದ, ಒಳನಾಡು, ಕಾವಳ ಬೆಟ್ಟ ಹತ್ತುವುದಿಲ್ಲ, ಆದರೆ ಅಲ್ಲಿಯತನಕ ತಿರುಗಿ ಬರಲು ಇನ್ನೂರು ಕಿಲೋ ಎಣ್ಣೆ ಹೆಚ್ಚು ಬೇಕು, ಇನ್ನೂರು ಕಿಲೋ ಎಣ್ಣೆ ಹತ್ತಿದರೆ ಇನ್ನೂರು ಕಿಲೋ ಬೇರೇನೋ ಇಳಿಯಬೇಕು, ವಿಮಾನಕ್ಕೆ ದಾಕ್ಷಿಣ್ಯವಿಲ್ಲ.

ಮ್ಯಾನೇಜರ್ ಬಂದದ್ದು ಆಗಲೇ, ಶಾಲು ಸುತ್ತಿಕೊಂಡು, ಕಾಲಿನಿಂದಲೇ ಬಾಗಿಲು ನೂಕಿ, ಅಲ್ಲ ಸ್ವಾಮಿ, ಯಜಮಾನರು, ಅವರ ಭಾವಮೈದ, ಲಾಯರು, ಎಂಜಿನಿಯರು, ನಾನು, ಐದೇ ಜನ, ಎಂಟು ಸೀಟು, ಅದೆಂಗೆ ಭಾರ ಜಾಸ್ತಿ ಆಗುತ್ತೆ ನಿಮ್ಮ ಲೆಕ್ಕದಲ್ಲಿ? ಸೀಟು ಎಣಿಸಿದರೆ ಆಗೋದಿಲ್ಲ ಸಾರ್, ಹಿಂದೆ ಟೈಲ್ಸ್ ಪೆಟ್ಟಿಗೆ ಆರು ಇದೆ, ಅದೇ ನೂರಾ ಹತ್ತು ಕಿಲೋ, ಭಾವಮೈದನವರು ತೊಂಬತ್ತು ಅಂತ ಬರೆಸಿದಾರೆ — ತೊಂಬತ್ತಾ! ಎಡಗಾಲು ಒಂದೇ ತೂಗಿದ್ದೇನೋ, ಎಂದು ಮ್ಯಾನೇಜರ್ ನಕ್ಕ, ಅವನೂ ನಕ್ಕ, ನಗು ಮುಗಿದ ಮೇಲೂ ಇಬ್ಬರ ನಡುವೆ ಆ ಇನ್ನೂರು ಕಿಲೋ ಅಲ್ಲಾಡದೆ ಕೂತಿತ್ತು. ಟೈಲ್ಸ್ ಬಿಟ್ಟು ಟೈಲ್ಸ್ ಮಾರೋಕೆ ಹೋಗ್ಬೇಕಾ ನಾವು? ಬಂದರಿನವರ ಜೊತೆ ಹತ್ತು ಗಂಟೆಗೆ ಸಹಿ. ಹಾಗಾದ್ರೆ ಸಹಿ ಮುಂದಕ್ಕೆ ಹಾಕಿ, ಹನ್ನೊಂದಕ್ಕೆ ಹೊರಡಿ ಸಾರ್, ಬಿಸಿಲು ಬಂದ ಮೇಲೆ ಕಾವಳದಪ್ಪನೂ ನಿಲ್ಲಲ್ಲ. ಆಹಾ, ಇದನ್ನ ಯಜಮಾನರಿಗೆ ನೀವೇ ಹೇಳಿ. ಆಮೇಲೆ ಮ್ಯಾನೇಜರ್ ನಕ್ಷೆಯ ಹತ್ತಿರ ಹೋಗಿ ಬೆರಳಿಟ್ಟ, ಇಲ್ಲಿ, ಉತ್ತರಕ್ಕೆ, ದಂಡೆ ಮೇಲೇ ಇನ್ನೊಂದು ನಿಲ್ದಾಣ ಇದೆಯಲ್ಲ, ನಲವತ್ತು ಕಿಲೋಮೀಟರ್ ಇಲ್ಲ, ಅದನ್ನ ಹಾಕಿ, ವರದಿ ನೋಡಿ, ಎಂಟು ಕಿಲೋಮೀಟರ್ ತನಕ ಚೆನ್ನಾಗಿ ಕಾಣ್ತಿದೆ ಅಂತಿದೆ, ನಿಯಮಕ್ಕೆ ಅಷ್ಟು ಸಾಕಲ್ವ? ಸಾಕು. ನಿಯಮಕ್ಕೆ ಸಾಕು, ಈ ಗಳಿಗೆಯ ವರದಿ ಅದು, ವಿಮಾನ ಅಲ್ಲಿ ತಲಪುವ ಎಂಟೂವರೆಯದಲ್ಲ, ಎಂದು ಹೇಳಬೇಕಿತ್ತು, ನಾಲಿಗೆಯ ತನಕ ಬಂತು, ಆದರೆ ಎಷ್ಟು ಸಲ, ಎಷ್ಟು ಮ್ಯಾನೇಜರುಗಳಿಗೆ, ಬೆನ್ನು ನೋಯುತ್ತಿತ್ತು, ಕಾಫಿ ಆರಿತ್ತು, ಮೂರು ರಾತ್ರಿಯ ನಿದ್ದೆ ಕಣ್ಣೊಳಗೆ ಮರಳಿನಂತೆ ಒತ್ತುತ್ತಿತ್ತು. ಮ್ಯಾನೇಜರ್ ಹೋದ. ಪ್ರಿಂಟರ್ ಗರಗರ ಅಂದಿತು. ಹಾಳೆ ಹೊರಗೆ ಬಂತು.

ಹಾಳೆಯ ಹಿಂದೆಯೇ ಅವಳೂ ಬಂದಳು, ಕೂದಲು ಬಿಗಿಯಾಗಿ ಕಟ್ಟಿ, ಭುಜದ ಮೇಲೆ ನಾಲ್ಕು ಪಟ್ಟಿ, ಹೆಗಲಿಗೆ ಚೀಲ, ಏನ್ ಮಾಮ, ಮುಖ ಯಾಕೆ ಹಿಂಗೆ, ಅತ್ತೆ ಉಪವಾಸ ಕೆಡವಿದ್ರಾ? — ಮರಿ, ಎಂದೇ ಅವನು ಕರೆಯುವುದು, ಎಲ್ಲರಿಗೂ ಅವಳು ಕ್ಯಾಪ್ಟನ್, ಅವನಿಗೆ ಮಾತ್ರ ಇನ್ನೂ ಅವನ ಹಳೆಯ ಕ್ಯಾಪ್ಟನ್ನಿನ ಮಗಳು, ಹಿಂದಿನ ಕಂಪನಿಯ ಆಫೀಸಿನಲ್ಲಿ ಮೇಜಿನ ಕೆಳಗೆ ಕೂತು ಹಳೇ ನಕ್ಷೆಗಳಿಗೆ ಬಣ್ಣ ಬಳಿಯುತ್ತಿದ್ದವಳು. ಹಾಳೆ ಎಳೆದುಕೊಂಡಳು, ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ತೆಗೆದಳು, ಕಣ್ಣು ಕಿಟಕಿಯಾಚೆಯ ವಿಮಾನದ ಮೇಲಿದೆ, ಕೈ ಸಹಿಯ ಜಾಗವನ್ನು ತಾನೇ ಹುಡುಕುತ್ತಿದೆ. ಓದೇ ಒಂದ್ಸಲ, ಎಂದ ಅವನು. ನೀವು ಬರೆದಿದ್ದನ್ನ ನಾನು ಓದೋದಾ, ಎಂದಳು ನಗುತ್ತ, ಅಪ್ಪ ಅಷ್ಟು ವರ್ಷದಲ್ಲಿ ಒಂದೇ ಒಂದು ಸಲ ನಿಮ್ಮ ಮಾತು ಮೀರಿದ್ರು, ಏನಾಯ್ತು ಗೊತ್ತಲ್ಲ, ನಾನು ಮೀರಲ್ಲಪ್ಪ. ಅದನ್ನು ಅವಳು ತಮಾಷೆಗೇ ಹೇಳಿದ್ದು, ಹಿಂದೆಯೂ ಹೇಳಿದ್ದಾಳೆ, ಅವನು ಪ್ರತಿಸಲವೂ ಹೂಂ ಅಂದಿದ್ದಾನೆ, ಹನ್ನೊಂದು ವರ್ಷದ ಹೂಂ, ಈ ಬೆಳಿಗ್ಗೆ ಮಾತ್ರ ಕಣ್ಣು ಹಾಳೆಗೆ ಹೋಯಿತು, ಅವಳ ಹೆಬ್ಬೆರಳಿನ ಪಕ್ಕದಲ್ಲೇ ಆ ಸಾಲು ಕಾಣುತ್ತಿತ್ತು, ಬದಲಿ ನಿಲ್ದಾಣ, ಅದರ ಮುಂದೆ ಉತ್ತರದ ದಂಡೆಯ ನಿಲ್ದಾಣದ ಹೆಸರು, ಅವನೇ ಒತ್ತಿದ ಅಕ್ಷರಗಳು, ಯಾವಾಗ ಒತ್ತಿದೆ, ಮ್ಯಾನೇಜರ್ ಬಾಗಿಲು ದಾಟುವ ಮೊದಲೋ ಆಮೇಲೋ, ನೆನಪಿಲ್ಲ, ಬೆರಳಿಗೆ ದಾರಿ ಗೊತ್ತಿತ್ತು.

ಹನ್ನೊಂದು ವರ್ಷದ ಹಿಂದೆ ಅವತ್ತೂ ಇದೇ ಸಾಲು, ಇದೇ ನಿಲ್ದಾಣ. ಅವತ್ತೂ ಬೆಟ್ಟದಾಚೆಯದನ್ನು ಬರೆದು ಆಮೇಲೆ ಹೊಡೆದುಹಾಕಿದವನು ಅವನೇ, ಆಗ ಇನ್ನೊಬ್ಬ ಮ್ಯಾನೇಜರ್, ಟೈಲ್ಸ್ ಬದಲು ಮದುವೆಯ ಸಾಮಾನು, ಕ್ಯಾಪ್ಟನ್ ಮೆಟ್ಟಿಲ ಮೇಲೆ ನಿಂತು, ಎಲ್ಲ ನೋಡಿದ್ದೀಯೇನಯ್ಯ? ಎಂದು ಕೂಗಿದ್ದ, ನೋಡಿದ್ದೀನಿ ಕ್ಯಾಪ್ಟನ್, ಹೋಗಿ ಬನ್ನಿ — ಅಷ್ಟೇ, ಓದದೆ ಸಹಿ ಹಾಕಿದ, ಹಾರಿದ, ಇಳಿಯಬೇಕಾದ ಊರೂ ಕಾವಳದಲ್ಲಿ ಮುಚ್ಚಿತ್ತು, ಉತ್ತರದ್ದೂ ಮುಚ್ಚಿತ್ತು, ದಂಡೆಯುದ್ದಕ್ಕೂ ಒಟ್ಟಿಗೆ, ಎಣ್ಣೆ ತಳ ಕಂಡಾಗ ಕ್ಯಾಪ್ಟನ್ ಉಪ್ಪಿನ ಗದ್ದೆಯ ಮೇಲೆ ಇಳಿಸಿದ, ಏಳೂ ಜನ ಬದುಕಿದರು, ಕ್ಯಾಪ್ಟನ್ನಿನ ಬಲಗಾಲು ಮಂಡಿಯಲ್ಲಿ ಮಡಿಸುವುದನ್ನು ಬಿಟ್ಟಿತು. ಆಸ್ಪತ್ರೆಯಲ್ಲಿ, ಗೋಡೆ ಕಡೆ ಮುಖ ಮಾಡಿಕೊಂಡು, ನೋಡಯ್ಯ, ನನ್ನ ಕಾಲಂತೂ ಹೋಯ್ತು, ಇನ್ನು ನನಗೆ ಯಾರೂ ವಿಮಾನ ಕೊಡಲ್ಲ, ಇಬ್ಬರೂ ಮುಳುಗೋದ್ಯಾಕೆ, ನಿನ್ನ ಮೂರು ಮಕ್ಕಳು ಇನ್ನೂ ಸ್ಲೇಟು ಹಿಡೀತಿದಾವೆ. ವಿಚಾರಣೆಯಲ್ಲಿ ಮೂರು ಜನ ಕೂತಿದ್ದರು, ಊರುಗೋಲಿನ ಮೇಲೆ ಬಂದ ಕ್ಯಾಪ್ಟನ್ ಹೇಳಿದ, ಇವರು ಬರೆದದ್ದು ಬೆಟ್ಟದಾಚೆಯದು, ಹೊರಡೋ ಹೊತ್ತಿಗೆ ಬದಲಾಯಿಸಿದ್ದು ನಾನು, ಅವರಲ್ಲೊಬ್ಬ ಅವನ ಕಡೆ ತಿರುಗಿದ, ಹೌದೇನ್ರೀ? ಅವನು ಹೌದು ಅಂದ. ಹೌದು. ಎರಡಕ್ಷರ. ಅದನ್ನು ಎತ್ತಿಕೊಂಡು ಮಗಳು ಹಾರಾಟದ ಶಾಲೆಗೆ ಹೋದಳು, ಎಣ್ಣೆ ಲೆಕ್ಕ ಬಾರದವನ ಮಗಳು ಅನ್ನಿಸಿಕೊಂಡಳು, ಹಟ ಹಿಡಿದು ಗೆದ್ದಳು, ಮತ್ತೆ ಅವನ ಹತ್ತಿರವೇ ಬಂದಳು, ಮಾಮ ಬರೆದರೆ ಮುಗೀತು ಎಂದು ಓದದೆ ಸಹಿ ಹಾಕುತ್ತಾಳೆ — ಕ್ಯಾಪ್ಟನ್ ಅವನನ್ನು ಉಳಿಸಲು ಆಡಿದ ಮಾತು ಈಗ ಕ್ಯಾಪ್ಟನ್ನಿನ ಮಗಳನ್ನೇ ಕಣ್ಣು ಕಟ್ಟಿ ಕಾವಳದೊಳಕ್ಕೆ ಕಳಿಸುತ್ತಿದೆ, ಕಳಿಸುತ್ತಿರುವುದು ಮಾತಲ್ಲ, ಅವನು.

ಕೊಡೇ ಇಲ್ಲಿ, ಎಂದು ಕಿತ್ತುಕೊಂಡ, ಪೆನ್ನಿನ ಗೆರೆ ಹಾಳೆಯ ಅಂಚಿನ ತನಕ ಎಳೆದುಕೊಂಡು ಹೋಯಿತು, ಮಾಮ! ಎಂದಳು ಅವಳು, ಅವನು ಆಗಲೇ ಕಂಪ್ಯೂಟರ್ ಮುಂದೆ ಕೂತಿದ್ದ, ಬೆಟ್ಟದಾಚೆಯ ನಿಲ್ದಾಣ, ಎಣ್ಣೆ ಇನ್ನೂರು ಹೆಚ್ಚು, ಪೆಟ್ಟಿಗೆ ಇಳಿಸಬೇಕು, ಒಬ್ಬರು ಇಳಿಯಬೇಕು, ಫೋನಿನಲ್ಲಿ ಮ್ಯಾನೇಜರ್ ಕಿರುಚಿದ, ನಿಮಗೇನ್ರೀ ಬೆಳಗಾಗೆದ್ದು ಹುಚ್ಚಾ, ಆಮೇಲೆ ಯಜಮಾನರೇ, ಮೆತ್ತಗೆ, ಅದು ಕಿರುಚಾಟಕ್ಕಿಂತ ಕಷ್ಟ, ನೋಡಿ, ನಾಳೆಯಿಂದ ಬೇರೆ ಯಾರನ್ನಾದರೂ ನೋಡ್ಕೋಬೇಕಾಗುತ್ತೆ ನಾನು. ನೋಡ್ಕೊಳ್ಳಿ ಯಜಮಾನ್ರೇ, ಇವತ್ತಿನದು ಮಾತ್ರ ಹೀಗೇ. ಅಷ್ಟು ಸುಲಭವಿತ್ತೇ ಅದು, ಅವತ್ತು ಎಷ್ಟು ಗುಡ್ಡದಂತಿತ್ತು, ಈಗ ಬರೀ ಸುಸ್ತು, ಸುಸ್ತಾದವನಿಗೆ ಹೆದರಲೂ ತ್ರಾಣ ಬೇಕಲ್ಲ. ಹೊರಗೆ ಪೆಟ್ಟಿಗೆ ಇಳಿಯುವ ಸದ್ದು, ಭಾವಮೈದ ಯಾರಿಗೋ ಹೇಳುತ್ತಿದ್ದಾನೆ, ಟೈಲ್ಸಿಗೂ ನನಗೂ ಒಂದೇ ಮರ್ಯಾದೆ ನೋಡಪ್ಪ. ಇಲ್ಲಿಗೆ ಬಿಡಬಹುದಿತ್ತು. ಹಾಳೆ ಸರಿಯಾಯಿತು, ಅವಳು ಹೋಗುತ್ತಾಳೆ, ಊರು ಮುಚ್ಚಿದ್ದರೆ ಬೆಟ್ಟದಾಚೆಗೆ ತಿರುಗುತ್ತಾಳೆ, ಸಂಜೆ ಮನೆಗೆ ಬರುತ್ತಾಳೆ — ಆದರೆ ನಾಳೆ, ನಾಡಿದ್ದು, ಇವನಲ್ಲದಿದ್ದರೆ ಇವನ ಜಾಗಕ್ಕೆ ಬಂದ ಇನ್ನೊಬ್ಬ ಸುಸ್ತಾದವನು, ಓದದ ಕಣ್ಣು, ತಾನೇ ಜಾಗ ಹುಡುಕುವ ಕೈ.

ಅವಳು ವಿಮಾನದ ಸುತ್ತ ನಡೆಯುತ್ತಿದ್ದಳು, ರೆಕ್ಕೆಯ ಅಂಚನ್ನು ಅಂಗೈಯಲ್ಲಿ ಸವರಿ ನೀರು ಕೊಡವುತ್ತಿದ್ದಳು, ಹೊಸ ಹಾಳೆ ಹಿಡಿದು ಅವನು ಹೋಗಿ ನಿಂತ. ಮರಿ, ಮೊದಲು ಕೊಟ್ಟಿದ್ದೆನಲ್ಲ, ಅದರಲ್ಲಿ ದಂಡೆಯದನ್ನೇ ಹಾಕಿದ್ದೆ. ಗೊತ್ತಾಯ್ತು, ಬದಲಾಯಿಸಿದ್ರಲ್ಲ, ಬಿಡಿ ಮಾಮ, ಯಾರಿಗಾದ್ರೂ ಆಗುತ್ತೆ. ಅವತ್ತೂ ನಾನೇ ಹಾಕಿದ್ದು. ಯಾವತ್ತು? ನಿಮ್ಮಪ್ಪನ ಹಾಳೆಗೆ. ಅವರು ಬದಲಾಯಿಸಲಿಲ್ಲ ಕಣೇ, ಅವರು ಓದಲೇ ಇಲ್ಲ, ನಾನು ನೋಡಿದ್ದೀನಿ ಅಂದೆ, ನಂಬಿದ್ರು, ಆಮೇಲೆ ನನ್ನ ಕೆಲಸ ಉಳೀಲಿ ಅಂತ ತಾವೇ ಹೊತ್ಕೊಂಡ್ರು. ರೆಕ್ಕೆಯ ಅಂಚಿನಿಂದ ನೀರು ಒಂದೇ ಸಮನೆ ತೊಟ್ಟಿಕ್ಕುತ್ತಿತ್ತು. ಅವಳು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಅಮ್ಮನಿಗೆ ಗೊತ್ತಾ? ಇಲ್ಲ. ಅಮ್ಮ ಇವತ್ತಿಗೂ, ಎಂದಳು ಅವಳು, ಊಟ ಬಡಿಸೋವಾಗ ಅದನ್ನೇ ಎತ್ತಾಡ್ತಾರೆ, ಒಂದು ಎಣ್ಣೆ ಲೆಕ್ಕ ನೋಡೋಕಾಗ್ಲಿಲ್ವಲ್ರೀ ನಿಮಗೆ ಅಂತ, ಅಪ್ಪ ತಟ್ಟೆ ನೋಡ್ಕೊಂಡು ಕೂತಿರ್ತಾರೆ. ಇವತ್ತು ಸಂಜೆ ನಾನು ಬರ್ತೀನಿ ನಿಮ್ಮ ಮನೆಗೆ, ನಿಮ್ಮಮ್ಮನ ಮುಂದೆ ಹೇಳ್ತೀನಿ. ಅವಳು ಬೈದಿದ್ದರೆ ನಿಂತು ಕೇಳಿಸಿಕೊಳ್ಳುತ್ತಿದ್ದ, ಅದಕ್ಕೆ ಹನ್ನೊಂದು ವರ್ಷದಿಂದ ಸಿದ್ಧನಾಗಿದ್ದ, ಅವಳು ಕೈ ಮಾತ್ರ ಚಾಚಿದಳು, ಹಾಳೆ ಕೊಡಿ ಸರ್.

ಸರ್. ಹಾಳೆಯನ್ನು ರೆಕ್ಕೆಯ ಮೇಲೆ ತೋಳಿನಿಂದ ಒರೆಸಿಕೊಂಡ ಜಾಗದಲ್ಲಿ ಹರಡಿದಳು, ಜೇಬಿನಿಂದ ಪೆನ್ಸಿಲ್ ತೆಗೆದಳು, ಗಿಡ್ಡ ಪೆನ್ಸಿಲ್, ಹಿಂಬದಿ ಕಚ್ಚಿ ಕಚ್ಚಿ ಸವೆದದ್ದು, ಮೊದಲ ಸಾಲಿನ ಮೇಲೆ ಅದರ ತುದಿ ಇಟ್ಟಳು, ದೂರ, ಎತ್ತರ, ಎದುರು ಗಾಳಿ, ತುಟಿ ಅಲ್ಲಾಡಿಸುತ್ತ ಕೂಡಿದಳು, ಅಂಚಿನಲ್ಲಿ ಒಂದು ಸಣ್ಣ ಚುಕ್ಕೆ, ಮುಂದಿನ ಸಾಲು — ಮ್ಯಾನೇಜರ್ ದೂರದಿಂದ ಗಡಿಯಾರ ತೋರಿಸುತ್ತಿದ್ದ, ಅವಳು ನೋಡಲಿಲ್ಲ, ಪೆನ್ಸಿಲ್ ತುದಿ ಇಳಿಯಿತು, ನಿಂತಿತು, ಇನ್ನೊಂದು ಚುಕ್ಕೆ, ಮನೆಯಲ್ಲಿ ಹೆಂಡತಿಗೆ ಹೇಳಬೇಕು, ನಾಳೆಯಿಂದ ಬೆಳಗಿನ ಜಾವ ಏಳೋದು ಬೇಡ, ಅವಳು ಏನನ್ನುತ್ತಾಳೋ, ಪೆನ್ಸಿಲ್ ತುದಿ, ಎಣ್ಣೆಯ ಸಾಲು, ಅಲ್ಲಿ ತಪ್ಪಿಲ್ಲ, ಅವನಿಗೆ ಗೊತ್ತು, ಗೊತ್ತೇ? ಮೂರು ರಾತ್ರಿ ನಿದ್ದೆಯಿಲ್ಲದವನಿಗೆ ಏನು ಗೊತ್ತು, ಒಳಗೇ ತಾನೂ ಕೂಡತೊಡಗಿದ, ಅವಳ ತುಟಿಯ ಜೊತೆಗೆ, ಹೋಗುವುದಕ್ಕೆ ಇಷ್ಟು, ಸುತ್ತುವುದಕ್ಕೆ ಇಷ್ಟು, ಬೆಟ್ಟದಾಚೆಗೆ ಇಷ್ಟು — ಪೆನ್ಸಿಲ್ ತುದಿ ಆ ಅಂಕಿಯ ಮೇಲೆ ಬಂದು ನಿಂತಿತು, ಚುಕ್ಕೆ ಇಡಲಿಲ್ಲ, ಮುಂದಕ್ಕೆ ಹೋಗಲಿಲ್ಲ, ಅವಳು ಮೊದಲಿನಿಂದ ಮತ್ತೆ ಕೂಡುತ್ತಿದ್ದಾಳೆ, ಪೆನ್ಸಿಲ್ ತುದಿ ಅಲ್ಲೇ ಇದೆ, ಅವನು ಬರೆದ ಅಂಕಿಯ ಮೇಲೆ.