ಎಣ್ಣೆ ಕುಡಿದ ಕಾಡತೂಸು

"ನಮ್ಮ ಅಣ್ಣನ ಕಾಡತೂಸು ಕೆಟ್ಟದ ಅನ್ನಬ್ಯಾಡ್ರಿ ಭಾಯಿ! ಅವಾ ಹದಿನೆಂಟು ವರ್ಷ ಫೌಜಿನಾಗ ಇದ್ದಾವ. ಅವಗ ನೀವೇನ್ ಹೇಳ್ತೀರಿ?"

"ಅವರಿಗಿ ನಾ ಏನ್ ಹೇಳ್ಲಿ ಶಿವಕಾಂತ? ನಿಮಗ ಹೇಳ್ತೇನಿ. ಹತ್ತರಾಗ ಮೂರು ಹಾರಿಲ್ಲ. ಇವತ್ತಿಗಿ ಸಾಕು, ಬಂದ್ ಮಾಡ್ರಿ."

ಬೀದರಿನ ಚಿದ್ರಿ ಕಡೆ ಇರುವ ಗುರಿ ಮೈದಾನದಲ್ಲಿ ಅಂದು ನಾನು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದೆ. ಎದುರಿಗಿದ್ದವರು ಉಸ್ತಾದ ಶರಫೋದ್ದೀನ. ನಡುವೆ ಚಾಪೆಯ ಮೇಲೆ ಬಂದೂಕು ಹಿಡಿದು ಮಲಗಿದ್ದವಳು ನನ್ನ ಮಗಳು ಸಿದ್ದೇಶ್ವರಿ. ಭಾಲ್ಕಿಯಲ್ಲಿ ಕಾಲೇಜು ಓದುತ್ತಾಳೆ. ಅವಳಿಗೆ ಗುರಿ ಹಿಡಿಯಲು ಕಲಿಸಿದ್ದು ನನ್ನ ಅಣ್ಣ ಧೊಂಡಿಬಾ.

ಅಣ್ಣ ತೀರಿಹೋಗಿ ಮೂರು ವರ್ಷ. ಅವನ ಪಾಯಿಂಟ್ ಟೂ ಟೂ ಬಂದೂಕು ಕಾನೂನು ಪ್ರಕಾರ ನನ್ನ ಹೆಸರಿಗೆ ಬಂತು. ಜೊತೆಗೆ ಅವನೇ ತಂದಿಟ್ಟಿದ್ದ ನಾಲ್ಕು ಡಬ್ಬಿ ಕಾಡತೂಸು. ಆ ಡಬ್ಬಿ ತೆರೆದರೆ ಅವನ ಬೀಡಿಯ ವಾಸನೆ ಇನ್ನೂ ಬರುತ್ತದೆ ಅನಿಸುತ್ತಿತ್ತು. ಅವನ ಕಾಡತೂಸು ಮಗಳ ಕೈಯಲ್ಲಿ ಢಂ ಅಂದರೆ ಅಣ್ಣ ಹಿಂದೆ ನಿಂತು "ಶಾಬಾಸ್" ಅಂದಂತಾಗುತ್ತಿತ್ತು. ಅದೊಂದು ಸದ್ದು ಕೇಳಲೆಂದೇ ನಮ್ಮೂರು ಚಿಂತಾಕಿಯಿಂದ ಬಸ್ಸು ಹಿಡಿದು ಬರುತ್ತಿದ್ದೆ.

"ಹಾಕವಾ ಇನ್ನೊಂದು," ಎಂದೆ ಮಗಳಿಗೆ.

ಅವಳು ಉಸ್ತಾದರ ಮುಖ ನೋಡಿದಳು. ಅವರು ಕೈಯಾಡಿಸಿ ಬೇಡ ಎಂದರು.

"ಅಪ್ಪ ನಾನೋ ಅವರೋ? ಹಾಕಂದ್ರ ಹಾಕಬೇಕು!"

ಹೆದರಿ ಹಾಕಿದಳು. ಬಂದೂಕಿನ ಕುದುರೆ ಎಳೆದಳು. ಟಿಕ್. ಅಷ್ಟೇ.

ನನಗೆ ಅವಮಾನವಾಯಿತು. ಗುಂಡಿನ ಮನೆ ಮುಚ್ಚುವ ಬೋಲ್ಟು ಎಳೆದು ಆ ಕಾಡತೂಸನ್ನು ಬಿಸಾಡಬೇಕೆಂದು ಬಗ್ಗಿ ಕೈ ಹಾಕಿದೆ. ಉಸ್ತಾದರು ಹಾರಿಬಂದು ನನ್ನ ಮಣಿಕಟ್ಟು ಹಿಡಿದರು. "ಖಬರದಾರ್! ಮುಟ್ಟಬ್ಯಾಡ್ರಿ! ಬೇಟಿ, ನಳಿಗಿ ಗುರಿ ಕಡಿನೇ ಇರ್ಲಿ—"

ಢಂ!

ಸತ್ತಿತೆಂದುಕೊಂಡಿದ್ದು ತಡವಾಗಿ ಹಾರಿತ್ತು. ನಾನು ಬೋಲ್ಟು ತೆರೆದಿದ್ದರೆ ಆ ಹಿತ್ತಾಳೆ ಚೂರಾಗಿ ಸಿಡಿಯುತ್ತಿದ್ದುದು ನನ್ನ ಬೆರಳಿಗೆ, ಗೇಣು ದೂರದಲ್ಲಿದ್ದ ಮಗಳ ಕಣ್ಣಿಗೆ.

ಉಸ್ತಾದರು ಬಂದೂಕು ಖಾಲಿ ಮಾಡಿಸಿದರು. ನನಗೆ ನೀರು ಕೊಟ್ಟು ಕೂರಿಸಿದರು.

"ಕಾಡತೂಸು ಎಲ್ಲಿ ಇಡ್ತೀರಿ?" ಕೇಳಿದರು.

"ತಗಡಿನ ಪೆಟ್ಟಿಗಿನಾಗ. ದಸರಾದಾಗ ಖಂಡೆ ಪೂಜಿ ದಿವಸ ತೆಗದು, ಒಂದೊಂದಕ್ಕೂ ಕುಸುಬಿ ಎಣ್ಣಿ, ಅರಿಶಿಣ ಹಚ್ಚಿ, ಕಾಯಿನೀರು ಚಿಮುಕಿಸಿ ಇಡ್ತೇನಿ. ದೇವರಂಗ ನೋಡ್ಕೊಂಡೀನ್ರಿ."

"ಅಲ್ಲೇ ಕೆಟ್ಟದ ನೋಡ್ರಿ. ಪೂಜಿ ತಪ್ಪಲ್ಲ, ಎಣ್ಣಿ ತಪ್ಪು. ದೊಡ್ಡ ಕಾಡತೂಸಿಗಿ ತಳದ ನಡುವ ಕಿಡಿ ಹಾರಿಸೋ ಬ್ಯಾರೆ ಟೋಪಿ ಇರ್ತದ. ಇದಕ್ಕಿಲ್ಲ. ಇದರ ತಳದ ಅಂಚಿನ ಮಡಿಕಿನೊಳಗೇ ಕಿಡಿಮದ್ದು ಇರ್ತದ. ಊದಬತ್ತಿ ನೋಡೀರಲ್ಲ? ಮಸಾಲಿ ಉದುರಿದ ಜಾಗಕ್ಕ ಬಂದ್ರ ಆರಿಹೋಗ್ತದ. ಹಂಗೇ ಇದು. ಅಂಚಿನಾಗ ಮದ್ದಿಲ್ಲದ ಜಾಗಕ್ಕ ಪೆಟ್ಟು ಬಿದ್ರ ಹತ್ತಂಗಿಲ್ಲ. ಹೊಸಾದ್ರಾಗೂ ಒಮ್ಮೊಮ್ಮೆ ಹಂಗಾಗ್ತದ. ಅದರ ಮ್ಯಾಲ ಎಣ್ಣಿ ಒಳಗ ಇಳಿದ್ರ, ತೇವ ಹೊಕ್ರ, ತಗಡಿನ ಕಾವು ಬಡಿದ್ರ ಏನ್ ಉಳೀತದ?"

"ಹಾರದಿದ್ರ ಏನ್ ಮಾಡ್ಬೇಕ್ರಿ?"

"ನಳಿಗಿ ಗುರಿ ಕಡಿನೇ ಹಿಡಿದು ಒಂದು ನಿಮಿಷ ಸುಮ್ಮಿರಬೇಕು. ಆಮ್ಯಾಲ ಮುಖ ಪಕ್ಕಕ್ಕ ಇಟ್ಟು ಬೋಲ್ಟು ತೆರೀಬೇಕು. ಅದನ್ನೇ ಮತ್ತ ಮತ್ತ ಹೊಡೀಬಾರ್ದು. ಸಪ್ಪಳ ಸಣ್ಣಗ ಬಂದ್ರೂ ನಿಲ್ಲಿಸ್ರಿ, ಗುಂಡು ನಳಿಗಿನಾಗೇ ಸಿಕ್ಕಿರಬಹುದು."

ನನ್ನ ಸೊಕ್ಕು ಇಳಿದಿತ್ತು. "ಇವತ್ತೇ ಹೊಸಾ ಡಬ್ಬಿ ತರ್ತೇನವಾ," ಎಂದೆ ಮಗಳಿಗೆ.

ಅವಳು ಎದ್ದು ನಿಂತಳು. "ದೊಡ್ಡಪ್ಪ ಬಂದೂಕಿನ ಹಿಡಿಗಿ ಅಷ್ಟೇ ಅರಿಶಿಣ ಹಚ್ತಿದ್ರು, ಅಪ್ಪಾ. ಕಾಡತೂಸಿಗಿ ಹನಿ ಎಣ್ಣಿ ತಾಕಿಸ್ತಿದ್ದಿಲ್ಲ. ಹ್ವಾದ ವರ್ಷಾನೇ ಹೇಳೀನಿ ನಿಮಗ. ಹೆಣ್ಣುಡುಗಿ ನಿಂಗೇನ್ ತಿಳೀತದ ಅಂದ್ರಿ."

ಅಂದಿದ್ದು ಹೌದು.

ಈಗ ನಮ್ಮ ಮನೆಯಲ್ಲಿ ಖಂಡೆ ಪೂಜೆಗೆ ಕಾಡತೂಸು ಹೊರಗೆ ಬರುವುದಿಲ್ಲ. "ಹೂವೊಂದು ಏರಿಸಿದ್ರ ದೇವರಿಗಿ ಸಾಕಾಗ್ತದ," ಎನ್ನುತ್ತಾಳೆ ನನ್ನ ಹೆಂಡತಿ ಸತ್ಯಮ್ಮ. ಅಣ್ಣನ ಡಬ್ಬಿಗಳನ್ನು ಠಾಣೆಯಲ್ಲಿ ಕೇಳಿ, ಲೈಸೆನ್ಸಿನ ಅಂಗಡಿಗೆ ಒಪ್ಪಿಸಿದೆ. ಕೊಡುವ ಮೊದಲು ಒಂದು ಡಬ್ಬಿ ತೆರೆದು ಅಣ್ಣನ ಬೀಡಿಯ ವಾಸನೆ ಹುಡುಕಿದೆ. ಆಮೇಲೆ ಕೊಟ್ಟೆ.

ಓದುವವರೇ, ನಿಮ್ಮ ಮನೆಯಲ್ಲೂ ಲೈಸೆನ್ಸಿನ ಬಂದೂಕು ಇದ್ದರೆ ಕೇಳಿ. ಸತ್ತವರ ನೆನಪನ್ನು ಫೋಟೊದಲ್ಲಿ ಇಡಿ, ಕಾಡತೂಸಿನಲ್ಲಿ ಇಡಬೇಡಿ. ಕಾಡತೂಸನ್ನು ಒಣ, ತಂಪು ಜಾಗದಲ್ಲಿ ಬೀಗ ಹಾಕಿಡಿ. ಹಾರದ್ದನ್ನು ಒಲೆಗೆ, ಬಾವಿಗೆ, ತಿಪ್ಪೆಗೆ ಎಸೆಯಬೇಡಿ. ಸುತ್ತಿಗೆಯಿಂದ ಕುಟ್ಟಿ ನೋಡಬೇಡಿ. ಬೇರೆ ಡಬ್ಬಿಯಲ್ಲಿಟ್ಟು ಅಂಗಡಿಗೋ ಠಾಣೆಗೋ ಒಪ್ಪಿಸಿ. ಟಿಕ್ ಅಂದರೆ ಒಂದು ನಿಮಿಷ ಕಾಯಿರಿ. ಮತ್ತೆ, ತಿಳಿದವರು ಬೇಡ ಅಂದಾಗ ಬಾಯಿ ಮುಚ್ಚಿ ಕೇಳಿ, ಅವರು ನಿಮ್ಮ ಮಗಳೇ ಆಗಿರಲಿ.

ಅಂದು ಸಿದ್ದೇಶ್ವರಿ ಚಾಪೆ ಸುತ್ತಿಟ್ಟು, ಉಸ್ತಾದರಿಗೆ ಕೈಮುಗಿದು, ನನ್ನ ಕಡೆ ನೋಡದೆ ಗೇಟು ದಾಟಿ ಹೋದಳು. ಫೋನು ಮಾಡಿದರೆ ಊಟ, ಓದು ಎಲ್ಲ ಮಾತಾಡುತ್ತಾಳೆ. ಗುರಿಯ ಮಾತು ತೆಗೆದರೆ "ಫೋನ್ ಇಡ್ತೇನಿ ಅಪ್ಪಾ" ಅನ್ನುತ್ತಾಳೆ. ಹೊಸ ಡಬ್ಬಿ ತಂದು ನಾಲ್ಕು ತಿಂಗಳಾಯಿತು. ಪ್ರತಿ ಆದಿತ್ಯವಾರ ನಾನು ಮೈದಾನಕ್ಕೆ ಹೋಗಿ ಕೂರುತ್ತೇನೆ. ಅವಳು ಬಂದಿಲ್ಲ.