ಆಂಬ್ರೋಸನ ಅಂಗಿಯ ಕಪ್ಪು ಬಳ್ಳಿ

ನನಗೂ ಸೂಜಿಗೂ ಎಣ್ಣೆ ಸೀಗೆಕಾಯಿ. ಆದರೆ ನಮ್ಮ ಚೀಪ್‌ಸೈಡ್ ಬೀದಿಯಲ್ಲಿ ಮದುವೆ ಗೊತ್ತಾದ ಹುಡುಗಿ ಗಂಡಿನ ಬಿಳಿ ಅಂಗಿಗೆ ಕಪ್ಪು ರೇಷ್ಮೆಯ ಕಸೂತಿ ಹಾಕಿಕೊಡಲೇಬೇಕು. ಮುಂಗೈ ಪಟ್ಟಿಯನ್ನು ತಿರುವಿ ನೋಡಿದರೂ ಚಿತ್ರ ಒಂದೇ ಥರ ಇರಬೇಕು. ಒಳಗೆ ಗಂಟಿದ್ದರೆ ಹುಡುಗಿಯ ಮನಸ್ಸಿನಲ್ಲೂ ಗಂಟಿದೆಯಂತೆ. ಈ ನಿಯಮ ಮಾಡಿದ ಪುಣ್ಯಾತ್ಮನಿಗೆ ಕೂರುವಲ್ಲೆಲ್ಲ ಸೂಜಿ ಚುಚ್ಚಲಿ.

ನನಗೆ ಗೊತ್ತಾದ ಗಂಡು ಆಂಬ್ರೋಸ್. ಅವನ ತಾಯಿ ಉರ್ಸುಲಾ ಕಸೂತಿಯಲ್ಲಿ ಬೀದಿಗೇ ಹೆಸರುವಾಸಿ. ಪಟ್ಟಿ ತಿರುವಿ ನೋಡಿಯೇ ಮಗನಿಗೆ ಬಂದ ಎರಡು ಸಂಬಂಧ ಮುರಿದಿದ್ದಳು. ನನಗೋ ಆಂಬ್ರೋಸ್ ಬೇಕೇ ಬೇಕಿತ್ತು.

ಎರಡೂ ಬದಿ ಒಂದೇ ಥರ ಬರಬೇಕಾದರೆ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬಬೇಕು. ನಾನು ಹೋದೆ, ವಾಪಸ್ ಬರಲು ದಾರಿ ಸಿಗಲಿಲ್ಲ.

"ಪೆಟ್ರೋನೆಲ್, ಏನೇ ಇದು, ಜೇಡ ಸತ್ತು ಬಿದ್ದಿದೆಯಾ?" ಅಂದ ಆಂಬ್ರೋಸ್.

"ನಗು, ನಗು. ನಿಮ್ಮಮ್ಮ ನನ್ನ ಅಟ್ಟಿದ್ಮೇಲೆ ಅಳುವಿಯಂತೆ."

ಅಂಗಿ ಕಿತ್ತುಕೊಂಡು ಹೋದವನು ಮುಂದಿನ ವಾರ ತಂದುಕೊಟ್ಟ. ಪಟ್ಟಿಯ ತುಂಬ ಓಕ್ ಕಾಯಿ, ಬಳ್ಳಿ. ಹಿಂದೆ ಮುಂದೆ ಒಂದೇ. ಯಾರಿಂದ ಮಾಡಿಸಿದೆ ಅಂದರೆ ಹಲ್ಲು ಕಿರಿದ.

ನಿಶ್ಚಿತಾರ್ಥಕ್ಕೆ ನೆರೆಹೊರೆಯವರು ಬಂದು ಏಲ್ ಬಿಯರು ಕುಡಿಯುತ್ತಿದ್ದರು. ಉರ್ಸುಲಾ ಪಟ್ಟಿಯನ್ನು ತಿರುವಿದಳು. ಕಣ್ಣಿನ ಹತ್ತಿರ ತರದೆ ಹೆಬ್ಬೆರಳಿನಿಂದ ಸವರಿದಳು. ಬಳ್ಳಿ ತಿರುಗುವ ಮೂಲೆಯಲ್ಲಿ ಬೆರಳು ನಿಂತಿತು.

"ಇದು ನಿನ್ನ ಕೈಯಲ್ಲ," ಅಂದಳು.

"ಮತ್ಯಾರ ಕೈ ಅಂತ ನೀವೇ ಹೇಳಿ ಅತ್ತೆಮ್ಮ," ಅಂದೆ, ಭಂಡ ಧೈರ್ಯದಲ್ಲಿ.

ಅವಳು ಪಟ್ಟಿಯನ್ನು ಮಡಚಲು ಹೋದಳು. ಪಕ್ಕದ ಮನೆ ಮಿಲ್ಡ್ರೆಡ್ ಬಗ್ಗಿ ನೋಡಿದಳು.

"ಅಯ್ಯ, ಉರ್ಸುಲಾ! ನಿನ್ನ ಪಟ್ಟಿಯಲ್ಲೂ ಮೂಲೇಲಿ ಹೀಗೇ ಒಂದು ಹೊಲಿಗೆ ಜಾಸ್ತಿ ಇದೆಯಲ್ಲೇ! ನೀನೇ ಕಲಿಸಿದ್ಯಾ?"

ಆಂಬ್ರೋಸ್ ಬಟ್ಟಲಿಗೆ ಮೂಗು ತುರುಕಿ ಕೆಮ್ಮಿದ. ಬಟ್ಟಲು ಹಿಡಿದ ಬೆರಳ ತುದಿಯಲ್ಲೆಲ್ಲ ಸೂಜಿಯ ಗಾಯ. ಆಗ ನನಗೆ ಹೊಳೆಯಿತು. ಈ ಪಟ್ಟಿಯಷ್ಟೇ ಅಲ್ಲ, ಬೀದಿಯೆಲ್ಲ ಹೊಗಳುವ ಉರ್ಸುಲಾಳ ಕಸೂತಿಯೂ ಇವನದ್ದೇ! ಸಿಟ್ಟೂ ನಗುವೂ ಒಟ್ಟಿಗೇ ಬಂತು.

"ಹೂಂ, ನಾನೇ ಕಲಿಸಿದ್ದು. ಹುಡುಗಿ ಚುರುಕು," ಅಂದಳು ಉರ್ಸುಲಾ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಡುಗೆಮನೆಯಲ್ಲಿ ಅವಳೊಬ್ಬಳೇ ಸಿಕ್ಕಾಗ ತಡೆಯಲಾಗದೆ ಕೇಳಿಬಿಟ್ಟೆ.

"ಅತ್ತೆಮ್ಮ, ನಿಮಗೆ ಕಣ್ಣು ಕಾಣಲ್ವಾ?"

ಬಾಗಿಲ ಕಡೆ ತಿರುಗಿ, ಯಾರೂ ಇಲ್ಲವೆಂದು ಕಿವಿಗೊಟ್ಟು ಖಾತ್ರಿ ಮಾಡಿಕೊಂಡಳು.

"ಮೆಲ್ಲಗೆ ಮಾತಾಡೇ. ನಿನಗೆ ಕಸೂತಿ ಬರಲ್ಲ ಅಂತ ನಾನೇನಾದ್ರೂ ಊರಿಗೆ ಸಾರಿದ್ನಾ?"